ಕ್ಯಾಟ್ ಐ ಸನ್‌ಗ್ಲಾಸ್ ಆರಿಸೋದು ಹೇಗೆ: ಅಳತೆಯಿಂದ ಲೆನ್ಸ್‌ವರೆಗೆ ಪೂರ್ತಿ ಗೈಡ್

ಕ್ಯಾಟ್ ಐ ನಂಗೆ ಸೂಟ್ ಆಗಲ್ಲ ಅಂತ ಹೇಳೋರು ತುಂಬಾ ಜನ ಸಿಗ್ತಾರೆ, ಸ್ವಲ್ಪ ಕೆದಕಿ ಕೇಳಿದ್ರೆ ಅವ್ರು ಹಾಕಿ ನೋಡಿರೋದು ಒಂದೇ ಥರದ ಫ್ರೇಮ್ ಆಗಿರತ್ತೆ, ದಪ್ಪ ಕಪ್ಪು ಬಣ್ಣ, ಎರಡೂ ಮೂಲೆ ಚೂಪಾಗಿ ಮೇಲಕ್ಕೆದ್ದಿರೋದು, ಅದು ಹಿಡಿಸ್ಲಿಲ್ಲ ಅಂತ ಇಡೀ ಶೇಪನ್ನೇ ಬಿಟ್ಟಿರ್ತಾರೆ. ಇದು ನಂಗೆ ನಿಜವಾಗ್ಲೂ ಬೇಜಾರಾಗೋ ವಿಷ್ಯ. ಕ್ಯಾಟ್ ಐ ಅಂದ್ರೆ ಒಂದು ಫ್ರೇಮ್ ಅಲ್ಲ, ದುಂಡಗಿನದ್ದಕ್ಕೆ ಸ್ವಲ್ಪ ಮೂಲೆ ಎತ್ತಿದ್ರೂ ಕ್ಯಾಟ್ ಐ, ಚೌಕದ್ದಕ್ಕೆ ಎತ್ತಿದ್ರೂ ಕ್ಯಾಟ್ ಐ, ಮುಖ ಅರ್ಧ ಮುಚ್ಚೋ ದೊಡ್ಡದಿದೆ, ಹುಬ್ಬಿನ ಕೆಳಗೆ ಗೆರೆ ಎಳೆದ ಹಾಗೆ ಕೂರೋ ಸಣ್ಣದೂ ಇದೆ. ಎಲ್ಲದ್ರಲ್ಲೂ ಕಾಮನ್ ಆಗಿರೋದು ಮೇಲಿನ ಹೊರಮೂಲೆ ಮಾತ್ರ. ಆ ಮೂಲೆ ಎಷ್ಟು ಎದ್ದಿದೆ, ಎಷ್ಟು ಚೂಪಾಗಿದೆ, ನಿಮ್ಮ ಮುಖದ ಮೇಲೆ ಎಲ್ಲಿಗೆ ಬಂದು ನಿಲ್ಲತ್ತೆ, ಈ ಮೂರನ್ನ ನೋಡೋಕೆ ಬಂದ್ರೆ ಫ್ರೇಮ್ ಆರಿಸೋ ಕೆಲ್ಸದಲ್ಲಿ ಮುಕ್ಕಾಲು ಪಾಲು ಆಯ್ತು.

ಈ ಶೇಪ್ ಎಲ್ಲಿಂದ ಬಂತು ಅಂತ ಗೊತ್ತಿದ್ರೆ ಮೂಲೆಗೆ ಯಾಕಿಷ್ಟು ಮಹತ್ವ ಅನ್ನೋದು ಅರ್ಥ ಆಗತ್ತೆ. 1930ರ ದಶಕದ ಕೊನೇಲಿ ನ್ಯೂಯಾರ್ಕ್‌ನಲ್ಲಿ ಅಂಗಡಿಗಳ ಶೋಕೇಸ್ ಅಲಂಕಾರ ಮಾಡೋ ಕೆಲ್ಸದಲ್ಲಿದ್ದ ಆಲ್ಟಿನಾ ಶಿನಾಸಿ ಅನ್ನೋ ಕಲಾವಿದೆ ಕನ್ನಡಕದ ಅಂಗಡಿ ಶೋಕೇಸ್‌ನಲ್ಲಿದ್ದ ಸಪ್ಪೆ ಫ್ರೇಮ್‌ಗಳನ್ನ ನೋಡಿ, ಹೆಂಗಸರಿಗೆ ಇದಕ್ಕಿಂತ ಚೆನ್ನಾಗಿರೋದನ್ನ ಮಾಡಬಹುದಲ್ಲ ಅಂತ ಯೋಚಿಸಿದ್ರು, ಹಳೇ ಇಟಾಲಿಯನ್ ನಾಟಕಗಳಲ್ಲಿ ಬರೋ ಹಾರ್ಲೆಕ್ವಿನ್ ಅನ್ನೋ ವಿದೂಷಕನ ಮುಖವಾಡದ ಆಕಾರ ಇಟ್ಕೊಂಡು ಕಾಗದದಲ್ಲಿ ಮಾದರಿ ಕತ್ತರಿಸಿ ನೋಡಿದ್ರು. ದೊಡ್ಡ ತಯಾರಕರು ಬೇಡ ಅಂದ್ರೂ ಒಬ್ಬ ಅಂಗಡಿಯವ್ರು ಒಪ್ಕೊಂಡ್ರು, ಆಮೇಲೆ ಅದು ಎಷ್ಟು ಓಡ್ತು ಅಂದ್ರೆ 1939ರಲ್ಲಿ ಆ ಡಿಸೈನ್‌ಗೆ ಲಾರ್ಡ್ ಅಂಡ್ ಟೇಲರ್ ಅನ್ನೋ ನ್ಯೂಯಾರ್ಕಿನ ದೊಡ್ಡ ಅಂಗಡಿ ಕೊಡ್ತಿದ್ದ ಅಮೆರಿಕನ್ ಡಿಸೈನ್ ಅವಾರ್ಡ್ ಬಂತು, 1950ರ ದಶಕದಲ್ಲಂತೂ ಎಲ್ಲೆಲ್ಲೂ ಇದೇ. ಅಂದ್ರೆ ಇದು ಹುಟ್ಟಿದ್ದೇ ಮುಖವಾಡದಿಂದ, ಕಣ್ಣಿನ ಸುತ್ತ ಇರೋ ಗೆರೆಗಳನ್ನೇ ಬದಲಾಯಿಸಿ ನೋಡೋರ ದೃಷ್ಟಿಯನ್ನ ಮೇಲಕ್ಕೆ, ಹೊರಕ್ಕೆ ಎಳೆಯೋದಕ್ಕೆ. ನೀವು ಆರಿಸ್ಬೇಕಿರೋದು ಆ ಎಳೆತ ನಿಮ್ಮ ಮುಖಕ್ಕೆ ಎಷ್ಟು ಬೇಕು ಅನ್ನೋದನ್ನ.

ಮೊದ್ಲು ಅಳತೆ ತಗೊಳ್ಳಿ

ಕೂದಲು ಹಿಂದಕ್ಕೆ ಕಟ್ಟಿ ಕನ್ನಡಿ ಮುಂದೆ ನಿಂತ್ಕೊಳ್ಳಿ, ಒಂದು ಸ್ಕೇಲನ್ನ ಕಣ್ಣಿನ ಸ್ವಲ್ಪ ಕೆಳಗೆ ಅಡ್ಡವಾಗಿ ಹಿಡಿದು ಮುಖದ ಒಂದು ಅಂಚಿಂದ ಇನ್ನೊಂದು ಅಂಚಿಗೆ ಎಷ್ಟಿದೆ ನೋಡಿ ಬರ್ಕೊಳ್ಳಿ. ಸ್ಕೇಲ್ ಮುಖದ ಉಬ್ಬು ತಗ್ಗಿಗೆ ಬಾಗಬಾರ್ದು, ನೇರ ಇರ್ಬೇಕು, ಒಬ್ಬರೇ ಮಾಡೋದು ಕಷ್ಟ ಆದ್ರೆ ಮನೆಯವ್ರನ್ನ ಕರೀರಿ. ಫ್ರೇಮಿನ ಒಟ್ಟು ಅಗಲ ಹೆಚ್ಚುಕಮ್ಮಿ ಇಷ್ಟೇ ಇರ್ಬೇಕು, ಕೆಲವು ಮಿಲಿಮೀಟರ್ ಜಾಸ್ತಿ ಆದ್ರೆ ಪರವಾಗಿಲ್ಲ, ಕಡಿಮೆ ಆದ್ರೆ ಕಡ್ಡಿ ಕಣತಲೆಗೆ ಒತ್ತತ್ತೆ, ಅರ್ಧ ಗಂಟೇಲಿ ತಲೆನೋವು.

ಇನ್ನು ನಿಮ್ಮ ಹತ್ರ ಈಗಾಗ್ಲೇ ಕಂಫರ್ಟಬಲ್ ಆಗಿ ಕೂರೋ ಕನ್ನಡಕ ಯಾವ್ದಾದ್ರೂ ಇದ್ರೆ ಅದ್ರ ಕಡ್ಡಿ ಒಳಭಾಗ ನೋಡಿ, 54 18 140 ಈ ಥರ ಮೂರು ನಂಬರ್ ಇರತ್ತೆ. ಮೊದಲನೇದು ಒಂದು ಲೆನ್ಸಿನ ಅಗಲ, ಎರಡನೇದು ಎರಡು ಲೆನ್ಸಿನ ಮಧ್ಯೆ ಇರೋ ಬ್ರಿಡ್ಜಿನ ಅಗಲ, ಮೂರನೇದು ಕಡ್ಡಿ ಉದ್ದ, ಮೂರೂ ಮಿಲಿಮೀಟರ್‌ನಲ್ಲಿ. ಹೊಸದು ತಗೊಳ್ಳುವಾಗ ಇವು ಹತ್ತಿರತ್ತಿರ ಇದ್ರೆ ಸೈಜ್ ವಿಷ್ಯದಲ್ಲಿ ದೊಡ್ಡ ಎಡವಟ್ಟು ಆಗಲ್ಲ. ಆದ್ರೆ ಕ್ಯಾಟ್ ಐಯಲ್ಲಿ ಒಂದು ಕಿತಾಪತಿ ಇದೆ, ರೆಕ್ಕೆ ಥರ ಮೂಲೆ ಹೊರಗೆ ಚಾಚಿರೋದ್ರಿಂದ ಲೆನ್ಸಿನ ಅಳತೆ ಅದೇ ಇದ್ರೂ ಫ್ರೇಮಿನ ಒಟ್ಟು ಅಗಲ ಜಾಸ್ತಿ ಇರಬಹುದು, ಹಾಗಾಗಿ ಈ ಮೂರು ನಂಬರಿನ ಜೊತೆ ಒಟ್ಟು ಅಗಲ ಎಷ್ಟು, ಲೆನ್ಸ್ ಎತ್ತರ ಎಷ್ಟು ಅಂತಾನೂ ಕೇಳಿ. ಎತ್ತರ ಸುಮಾರು 35 ಮಿಲಿಮೀಟರ್‌ಗಿಂತ ಕಡಿಮೆ ಇದ್ರೆ ಅದು ಆ ತೆಳ್ಳಗಿನ ಸ್ಲಿಮ್ ಟೈಪ್, 50ರ ಹತ್ರ ಬಂದ್ರೆ ಓವರ್‌ಸೈಜ್, ಮೊದಲ ಸಲ ತಗೊಳ್ಳೋರು ಇವೆರಡರ ಮಧ್ಯೆ ಇರೋದನ್ನೇ ನೋಡೋದು ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ.

ಮೂಲೆಯನ್ನ ಓದೋದು

ಫ್ರೇಮನ್ನ ಟೇಬಲ್ ಮೇಲೆ ನಿಲ್ಲಿಸಿ ಎದುರಿಂದ ನೋಡಿ. ಮೂಗಿನ ಹತ್ರ ಇರೋ ಮೇಲಂಚಿಂದ ಹೊರಮೂಲೆ ತುದಿಗೆ ಮನಸ್ಸಲ್ಲೇ ಒಂದು ಗೆರೆ ಎಳೀರಿ. ಆ ಗೆರೆ ಹೆಚ್ಚುಕಮ್ಮಿ ಅಡ್ಡಡ್ಡ ಇದ್ದು ತುದೀಲಿ ಮಾತ್ರ ಒಂಚೂರು ಎದ್ದಿದ್ರೆ ಸಾಫ್ಟ್ ಕ್ಯಾಟ್ ಐ, ಉದ್ದಕ್ಕೂ ಓರೆಯಾಗಿ ಏರ್ತಾ ಹೋದ್ರೆ ಕ್ಲಾಸಿಕ್, ಏರಿ ಲೆನ್ಸ್ ಮುಗಿದ ಮೇಲೂ ಫ್ರೇಮ್ ಮುಂದೆ ಚಾಚಿದ್ರೆ ಅದು ರೆಕ್ಕೆ ಇರೋದು. ಅಂಗಡೀಲಿ ಮೂರಕ್ಕೂ ಕ್ಯಾಟ್ ಐ ಅಂತಾನೇ ಹೇಳ್ತಾರೆ, ಹಾಕ್ಕೊಂಡಾಗ ಮಾತ್ರ ಮೂರೂ ಬೇರೆ ಬೇರೆ ಮನುಷ್ಯರ ಥರ ಕಾಣ್ಸತ್ತೆ.

ಆಮೇಲೆ ಹಾಕ್ಕೊಂಡು ಆ ತುದಿ ಎಲ್ಲಿಗೆ ಬಂತು ನೋಡಿ. ಮುಖದ ಅಂಚಿಗೆ ಬಂದು ನಿಂತ್ರೆ ಅಥ್ವಾ ಒಂದು ಕೂದಲೆಳೆ ಆಚೆ ಹೋದ್ರೆ ಸರಿ, ಮುಖ ಎತ್ತಿದ ಹಾಗೆ ಕಾಣತ್ತೆ. ಕಿವಿ ಕಡೆಗೆ ಮುಖ ದಾಟಿ ಎದ್ದು ನಿಂತ್ರೆ ಕನ್ನಡಕ ನಿಮ್ಮನ್ನ ಹಾಕ್ಕೊಂಡಿರೋ ಹಾಗಿರತ್ತೆ. ಮುಖದ ಒಳಗೇ ಮುಗಿದ್ರೆ, ಅಂದ್ರೆ ತುದಿಯ ಆಚೆ ಇನ್ನೂ ಒಂದು ಬೆರಳಗಲ ಕಣತಲೆ ಕಾಣ್ತಿದ್ರೆ, ಮುಖ ಇದ್ದದ್ದಕ್ಕಿಂತ ಅಗಲ ಕಾಣತ್ತೆ, ಹೆಚ್ಚಿನೋರು ನಂಗಾಗಲ್ಲ ಅನ್ನೋದು ಇಂಥ ಸಣ್ಣ ಫ್ರೇಮ್ ಹಾಕಿ ನೋಡಿದಾಗ್ಲೇ.

ಆನ್‌ಲೈನ್‌ನಲ್ಲಿ ನೋಡ್ತಿದ್ದೀರಾ ಅಂದ್ರೆ ಆಲ್ಟಿನಾ ಮಾಡಿದ್ದನ್ನೇ ನೀವೂ ಮಾಡಿ, ಕಾಗದ ಕತ್ತರಿಸಿ. ಫ್ರೇಮನ್ನ ನೇರ ಎದುರಿಂದ ತೆಗೆದಿರೋ ಫೋಟೋನ ಕಂಪ್ಯೂಟರ್ ಸ್ಕ್ರೀನ್ ಮೇಲೆ ಜೂಮ್ ಮಾಡ್ತಾ, ಒಟ್ಟು ಅಗಲ ಕೊಟ್ಟಿರೋ ನಂಬರಿಗೆ ಸರಿಯಾಗಿ ಬರೋವರೆಗೆ ಸ್ಕೇಲ್ ಇಟ್ಟು ನೋಡಿ, ಸರಿ ಹೋದಾಗ ಒಂದು ತೆಳು ಬಿಳಿ ಹಾಳೆ ಸ್ಕ್ರೀನ್ ಮೇಲೆ ಹಿಡಿದು ಪೆನ್ಸಿಲ್‌ನಲ್ಲಿ ಮೆತ್ತಗೆ ಅಂಚು ಗುರುತು ಮಾಡ್ಕೊಳ್ಳಿ. ಅದನ್ನ ದಪ್ಪ ಕಾಗದದ ಮೇಲೆ ಅಂಟಿಸಿ ಕತ್ತರಿಸಿ, ಲೆನ್ಸ್ ಜಾಗಾನೂ ತೆಗೀರಿ, ಬ್ರಿಡ್ಜ್ ಹತ್ರ ಒಂದು ಚೂರು ಟೇಪ್ ಹಾಕಿ ಮೂಗಿನ ಮೇಲೆ ಕೂರಿಸಿ ಕನ್ನಡಿ ನೋಡಿ. ಹತ್ತು ನಿಮಿಷದ ಕೆಲ್ಸ, ಆದ್ರೆ ಮೂಲೆ ಎಲ್ಲಿಗೆ ಬರತ್ತೆ, ಹುಬ್ಬು ಎಷ್ಟು ಮುಚ್ಚತ್ತೆ, ಕೆನ್ನೆಗೆ ತಾಗತ್ತಾ, ಎಲ್ಲಾ ಗೊತ್ತಾಗತ್ತೆ. ಫೋನ್ ಕ್ಯಾಮೆರಾದಲ್ಲಿ ಹಾಕಿ ತೋರ್ಸೋ ವರ್ಚುವಲ್ ಟ್ರೈ ಆನ್ ಶೇಪ್ ನೋಡೋಕೆ ಚೆನ್ನಾಗಿದೆ, ಸೈಜ್ ವಿಷ್ಯದಲ್ಲಿ ನಾನು ಕಾಗದವನ್ನೇ ನಂಬ್ತೀನಿ.

ಹುಬ್ಬು

ಮುಖದ ಆಕಾರಕ್ಕಿಂತ ಮುಂಚೆ ಹುಬ್ಬು ನೋಡಿ ಅಂತ ನಾನು ಎಲ್ರಿಗೂ ಹೇಳೋದು, ಯಾಕಂದ್ರೆ ಕ್ಯಾಟ್ ಐ ಮೇಲಂಚು ಇನ್ನೊಂದು ಜೊತೆ ಹುಬ್ಬು ಇದ್ದ ಹಾಗೆ, ಎರಡೂ ಒಂದೇ ದಿಕ್ಕಲ್ಲಿ ಹೋಗ್ಬೇಕು. ನಿಮ್ಮ ಹುಬ್ಬು ಕಮಾನಿನ ಥರ ಏರಿ ಇಳಿಯೋದಾದ್ರೆ ಫ್ರೇಮಿನ ಮೇಲಂಚೂ ಸ್ವಲ್ಪ ದುಂಡಗೆ ಏರಿರೋದು ಚೆನ್ನಾಗಿ ಕೂರತ್ತೆ. ನೇರ ಹುಬ್ಬಿದ್ರೆ ಸಾಫ್ಟ್ ಮೂಲೆ, ಚೂಪು ಮೂಲೆ ಹಾಕಿದ್ರೆ ಹುಬ್ಬು ಒಂದು ಕಡೆ ಕನ್ನಡಕ ಒಂದು ಕಡೆ ಹೋಗಿ ಸದಾ ಸಿಟ್ಟಲ್ಲಿರೋ ಹಾಗೆ ಕಾಣ್ಸತ್ತೆ. ಹುಬ್ಬಿನ ತುದಿ ಕೆಳಗಿಳಿದಿರೋರಿಗೆ ಓವರ್‌ಸೈಜ್ ಒಳ್ಳೇದು, ಹುಬ್ಬನ್ನ ಪೂರ್ತಿ ಮುಚ್ಚಿಬಿಡತ್ತೆ, ತಗಾದೆಯೇ ಇಲ್ಲ. ಸರಿಯಾಗಲ್ಲ ಅನ್ಸೋದು ಯಾವಾಗ ಅಂದ್ರೆ ಅರ್ಧ ಹುಬ್ಬು ಫ್ರೇಮಿನ ಮೇಲೆ, ಅರ್ಧ ಲೆನ್ಸ್ ಹಿಂದೆ ಹೋದಾಗ. ಒಂದೋ ಹುಬ್ಬು ಪೂರ್ತಿ ಕಾಣ್ಲಿ, ಇಲ್ಲಾ ಮೇಲಂಚಿನ ಜೊತೇನೇ ಸೇರಿ ಹೋಗ್ಲಿ, ಇಲ್ಲಾ ಪೂರ್ತಿ ಮುಚ್ಚಲಿ.

ಮುಖದ ಆಕಾರ

ದುಂಡು ಮುಖದೋರಿಗೆ ಕೋನ ಇರೋದು, ಮೂಲೆ ಸ್ಪಷ್ಟವಾಗಿ ಎದ್ದಿರೋದು ಚೆನ್ನ, ಮುಖಕ್ಕೆ ಇಲ್ಲದ ಗೆರೆಯನ್ನ ಅದು ಕೊಡತ್ತೆ, ಉದ್ದಾನೂ ಕಾಣ್ಸತ್ತೆ. ಚೌಕ ಮುಖ, ಅಗಲ ದವಡೆ ಇರೋರು ಉಲ್ಟಾ ಹೋಗಿ, ಲೆನ್ಸಿನ ಕೆಳಭಾಗ ದುಂಡಗಿರ್ಲಿ, ಮೂಲೆ ಏರಿದ್ರೂ ತುದಿ ಮೊಂಡಾಗಿರ್ಲಿ. ಹಣೆ ಅಗಲ ಗದ್ದ ಚೂಪು ಇರೋರಿಗೆ ಮಾತ್ರ ಸ್ವಲ್ಪ ಹುಷಾರಾಗಿರಿ ಅಂತ ಹೇಳ್ತೀನಿ, ಕ್ಯಾಟ್ ಐ ತೂಕ ಎಲ್ಲಾ ಮೇಲೇ ಇರೋದ್ರಿಂದ ಅಗಲ ಹಣೆ ಇನ್ನೂ ಅಗಲ ಕಾಣತ್ತೆ, ಅವ್ರು ತೆಳು ಮೆಟಲ್ ಫ್ರೇಮ್, ತಿಳಿ ಬಣ್ಣ, ಸಾಫ್ಟ್ ಮೂಲೆ ನೋಡ್ಬೇಕು. ಇದಕ್ಕೆ ತಿರುಗಮುರುಗ, ಹಣೆ ಕಿರಿದು ದವಡೆ ಅಗಲ ಇರೋರಿಗಂತೂ ಈ ಶೇಪ್ ಹೇಳಿ ಮಾಡ್ಸಿದ್ದು, ಮೇಲಂಚು ದಪ್ಪ ಬಣ್ಣ ಬಣ್ಣದ್ದು ಎಷ್ಟಿದ್ರೂ ನಡೆಯತ್ತೆ, ಮೇಲೆ ಕೆಳಗೆ ಸಮ ಆಗತ್ತೆ. ಉದ್ದ ಮುಖಕ್ಕೆ ಲೆನ್ಸ್ ಎತ್ತರ ಜಾಸ್ತಿ ಇರ್ಬೇಕು, ಸಣ್ಣ ಸ್ಲಿಮ್ ಫ್ರೇಮ್ ಹಾಕಿದ್ರೆ ಮುಖ ಇನ್ನೂ ಉದ್ದ. ಕೆನ್ನೆ ಮೂಳೆ ಎದ್ದು ಕಾಣೋರಿಗೆ ಅಗಲವಾದ ಭಾಗ ಆ ಮೂಳೆಗಿಂತ ಮೇಲೆ ಬರೋ ಫ್ರೇಮ್ ಸರಿ. ಮೊಟ್ಟೆಯಾಕಾರದ ಮುಖದೋರು ಅಗಲ ಒಂದು ನೋಡ್ಕೊಂಡು ಇಷ್ಟ ಬಂದದ್ದು ಹಾಕ್ಕೊಳ್ಳಿ.

ನನ್ನ ಮುಖ ಯಾವ ಆಕಾರ ಅಂತಾನೇ ಗೊತ್ತಾಗ್ತಿಲ್ಲ ಅನ್ನೋರು ತಲೆ ಕೆಡಿಸ್ಕೋಬೇಡಿ, ತುಂಬಾ ಜನ್ರ ಮುಖ ಎರಡು ಮೂರು ಆಕಾರದ ಮಿಕ್ಸ್. ಹಣೆ ಅಗಲವೋ ದವಡೆ ಅಗಲವೋ ಅಷ್ಟು ಗೊತ್ತಾದ್ರೆ ಸಾಕು. ಮತ್ತೆ ಇದು ಹೆಂಗಸರಿಗೆ ಮಾತ್ರ ಅಂತಾನೂ ಏನಿಲ್ಲ, ಮೂಲೆ ಸ್ವಲ್ಪವೇ ಏರಿರೋ ದಪ್ಪ ಚೌಕದ ಫ್ರೇಮ್ ಗಂಡಸರಿಗೆ ತುಂಬಾ ಚೆನ್ನಾಗಿ ಕಾಣತ್ತೆ.

ಮೂಗು ಮತ್ತೆ ಕೆನ್ನೆ, ಇಲ್ಲಿ ಅವಸರ ಬೇಡ

ಎಷ್ಟೇ ಚೆಂದ ಇದ್ರೂ ಜಾರ್ತಾ ಇದ್ರೆ ಆ ಕನ್ನಡಕ ಬ್ಯಾಗಲ್ಲೇ ಉಳಿಯತ್ತೆ. ಜಾರಿದಾಗ ಬರೀ ಕಿರಿಕಿರಿ ಅಲ್ಲ, ಮೂಲೆಯ ಲೆಕ್ಕ ಪೂರ್ತಿ ತಪ್ಪತ್ತೆ, ಹುಬ್ಬಿನ ಸಮಕ್ಕೆ ಇರ್ಬೇಕಾದ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂದು ಮುಖ ಜೋತುಬಿದ್ದ ಹಾಗಾಗತ್ತೆ. ನನ್ನ ತಂಗಿಗೆ ಮೂಗಿನ ದಂಡೆ ತಗ್ಗು, ಅವಳಿಗೆ ಅಸಿಟೇಟ್ ಅನ್ನೋ ಒಂದು ಥರದ ಪ್ಲಾಸ್ಟಿಕ್ಕಿನ ಫ್ರೇಮ್ ಯಾವ್ದು ಹಾಕಿದ್ರೂ ಕೆನ್ನೆ ಮೇಲೆ ಬಂದು ಕೂರ್ತಿತ್ತು, ನಕ್ಕಾಗೆಲ್ಲ ಇಡೀ ಕನ್ನಡಕ ಮೇಲಕ್ಕೆ ಹೋಗಿ ಹುಬ್ಬಿಗೆ ಬಡೀತಿತ್ತು. ಕೊನೆಗೆ ಅಡ್ಜಸ್ಟ್ ಮಾಡಬಹುದಾದ ಮೆಟಲ್ ನೋಸ್ ಪ್ಯಾಡ್ ಇರೋ ಕ್ಯಾಟ್ ಐ ಹಾಕಿ, ಪ್ಯಾಡ್ ಎರಡನ್ನೂ ಸ್ವಲ್ಪ ಒಳಕ್ಕೆ ಬಗ್ಗಿಸಿದ್ದೇ ತಡ, ಫ್ರೇಮ್ ಎದ್ದು ಹುಬ್ಬಿನ ಸಾಲಿಗೆ ಬಂತು, ಮುಖಾನೇ ಬೇರೆ ಆಯ್ತು. ಮುಖದ ಆಕಾರ ಅದೇ, ಮೂಗಿನ ಮೇಲೆ ಕೂತ ಎತ್ತರ ಮಾತ್ರ ಬೇರೆ.

ಹಾಗಾಗಿ ದಂಡೆ ತಗ್ಗಾಗಿರೋರು ನೋಸ್ ಪ್ಯಾಡ್ ಇರೋದು ನೋಡಿ, ಇಲ್ಲಾಂದ್ರೆ ಲೋ ಬ್ರಿಡ್ಜ್ ಫಿಟ್ ಅಂತ ಬರತ್ತೆ, ಅದ್ರಲ್ಲಿ ಮೂಗಿಗೆ ತಾಗೋ ಭಾಗ ದಪ್ಪಗೆ ಮಾಡಿರ್ತಾರೆ. ದಂಡೆ ಎತ್ತರ, ಮೂಗು ತೆಳು ಇರೋರಿಗೆ ಪ್ಯಾಡ್ ಇಲ್ಲದ ಅಸಿಟೇಟ್ ಆರಾಮಾಗಿ ಕೂರತ್ತೆ, ಆದ್ರೆ ಬ್ರಿಡ್ಜ್ ನಂಬರ್ ಚಿಕ್ಕದಿರ್ಲಿ.

ಹಾಕ್ಕೊಂಡ ಮೇಲೆ ಟೆಸ್ಟ್ ಹೀಗೆ ಮಾಡಿ. ಮೊದ್ಲು ಬಾಯ್ತುಂಬ ನಗಿ, ಫೋಟೋಗೆ ನಗೋ ಹಾಗಲ್ಲ, ನಿಜವಾಗಿ, ಕೆನ್ನೆ ಫ್ರೇಮನ್ನ ಎತ್ತಿದ್ರೆ ಲೆನ್ಸ್ ಎತ್ತರ ಜಾಸ್ತಿ ಆಯ್ತು ಅಥ್ವಾ ಫ್ರೇಮ್ ಕೆಳಗೆ ಕೂತಿದೆ ಅಂತ. ಆಮೇಲೆ ಕೆಳಗೆ ಬಗ್ಗಿ ಚಪ್ಪಲಿ ಸರಿ ಮಾಡ್ಕೊಳ್ಳೋ ಹಾಗೆ ಮಾಡಿ, ತಲೆ ಆಚೆ ಈಚೆ ಅಲ್ಲಾಡ್ಸಿ, ಬಿದ್ದುಹೋಗೋ ಹಾಗಿರಬಾರ್ದು. ಕಣ್ಣು ಪಟಪಟ ಬಡಿದು ನೋಡಿ, ರೆಪ್ಪೆಗೂದಲು ಲೆನ್ಸಿಗೆ ತಾಗ್ತಿದ್ರೆ ಜಿಡ್ಡಿನ ಗೆರೆ ಬೀಳ್ತಾನೇ ಇರತ್ತೆ. ಕನ್ನಡೀಲಿ ನೋಡಿದಾಗ ನಿಮ್ಮ ಕಣ್ಣು ಲೆನ್ಸಿನ ಅಗಲದಲ್ಲಿ ನಡುವೆ, ಎತ್ತರದಲ್ಲಿ ನಡುವಿಗಿಂತ ಚೂರು ಮೇಲೆ ಇರ್ಬೇಕು. ಕಡ್ಡಿ ಕಿವಿ ಮೇಲೆ ಹೋಗಿ ಕಿವಿ ದಾಟಿದ ತಕ್ಷಣ ಬಗ್ಗಬೇಕು, ಕಿವಿಗಿಂತ ತುಂಬಾ ಹಿಂದೆ ಬಗ್ಗಿದ್ರೆ ಅದು ಉದ್ದ ಆಯ್ತು, ಜಾರೋದಕ್ಕೆ ಅದೂ ಒಂದು ಕಾರಣ. ಅಸಿಟೇಟ್ ಆದ್ರೆ ಆಪ್ಟಿಕಲ್ ಅಂಗಡಿಯವ್ರು ಬಿಸಿ ಮಾಡಿ ಬಗ್ಗಿಸಿ ಕೊಡ್ತಾರೆ, ಅಚ್ಚಲ್ಲಿ ಹೊಯ್ದ ಸಾಮಾನ್ಯ ಪ್ಲಾಸ್ಟಿಕ್ ಫ್ರೇಮ್‌ಗಳು ಅಷ್ಟು ಸುಲಭಕ್ಕೆ ಬಗ್ಗಲ್ಲ, ಹಾಗಾಗಿ ಅಂಥವು ಹಾಕಿದ ತಕ್ಷಣವೇ ಸರಿಯಾಗಿ ಕೂರ್ಬೇಕು.

ಲೆನ್ಸ್

ಇಷ್ಟೆಲ್ಲಾ ಮಾಡಿ ಲೆನ್ಸ್ ವಿಷ್ಯದಲ್ಲಿ ಏನೋ ಒಂದು ಅಂತ ಬಿಡೋರಿದ್ದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಕಪ್ಪಾಗಿರೋದಕ್ಕೂ ಬಿಸಿಲಲ್ಲಿರೋ, ಕಣ್ಣಿಗೆ ಕಾಣದ ಯುವಿ (ಅತಿನೇರಳೆ) ಕಿರಣ ತಡೆಯೋದಕ್ಕೂ ಸಂಬಂಧವೇ ಇಲ್ಲ. ಯುವಿ ತಡೆಯದ ಕಪ್ಪು ಗ್ಲಾಸ್ ಹಾಕ್ಕೊಂಡ್ರೆ ಕತ್ತಲಾಯ್ತು ಅಂತ ಕಣ್ಣಿನ ಪಾಪೆ ದೊಡ್ಡದಾಗತ್ತೆ, ಕಣ್ಣೂ ಕಿರಿದು ಮಾಡಲ್ಲ, ಯುವಿ ಒಳಗೆ ಹೋಗೋಕೆ ಇನ್ನೂ ಅನುಕೂಲ ಆಗತ್ತೆ. ವರ್ಷಗಟ್ಟಲೆ ಯುವಿ ಬಿದ್ರೆ ಕಣ್ಣಿನ ಪೊರೆ ಬರೋ ಸಾಧ್ಯತೆ ಹೆಚ್ಚು, ಕಣ್ಣಿನ ಸುತ್ತ ಇರೋ ತೆಳು ಚರ್ಮಕ್ಕೂ ಕೆಟ್ಟದ್ದು. ಯುವಿ 400 ಅಂತ ಬರೆದಿರೋದನ್ನೇ ತಗೊಳ್ಳಿ, ಅಂದ್ರೆ 400 ನ್ಯಾನೋಮೀಟರ್‌ವರೆಗಿನ ಕಿರಣ ತಡೆಯತ್ತೆ ಅಂತ. ಸ್ಟಿಕ್ಕರ್ ಮೇಲೆ ನಂಬಿಕೆ ಬರ್ಲಿಲ್ವಾ, ಯುವಿ ಅಳೆಯೋ ಮೆಷಿನ್ ಇರೋ ಆಪ್ಟಿಕಲ್ ಅಂಗಡಿಗೆ ಹೋಗಿ, ಒಂದೇ ನಿಮಿಷದಲ್ಲಿ ಹೇಳ್ತಾರೆ.

ಎಷ್ಟು ಕಪ್ಪಿರ್ಬೇಕು ಅನ್ನೋದಕ್ಕೆ 0ಯಿಂದ 4ರವರೆಗೆ ಕೆಟಗರಿ ಇದೆ. 3ನೇ ಕೆಟಗರಿ 8ರಿಂದ 18 ಪರ್ಸೆಂಟ್ ಬೆಳಕು ಬಿಡತ್ತೆ, ಬಿಸಿಲಲ್ಲಿ ಓಡಾಡೋಕೆ ಇದೇ ಸರಿ. 2ನೇದು 18ರಿಂದ 43, ಮೋಡ ಬಿಸಿಲು ಆಟ ಆಡೋ ದಿನಕ್ಕೆ. ತಿಳಿ ಗುಲಾಬಿ ಹಳದಿ ಲೆನ್ಸಿನ ಕ್ಯಾಟ್ ಐಗಳು ಸಾಮಾನ್ಯವಾಗಿ ಇನ್ನೂ ಕೆಳಗಿನ ಕೆಟಗರಿ, ಫೋಟೋಗೆ ಚೆಂದ, ಸುಡುಬಿಸಿಲಿಗೆ ಸಾಕಾಗಲ್ಲ. 4ನೇದು 3ರಿಂದ 8 ಪರ್ಸೆಂಟ್ ಮಾತ್ರ ಬಿಡೋದು, ಹಿಮ ಬೆಟ್ಟಕ್ಕೆ ಹೋಗೋರಿಗೆ, ಅದನ್ನ ಹಾಕ್ಕೊಂಡು ಗಾಡಿ ಓಡಿಸ್ಬೇಡಿ.

ಬಣ್ಣದಲ್ಲಿ ಬೂದು ಲೆನ್ಸ್ ಎಲ್ಲಾ ಬಣ್ಣವನ್ನ ಇದ್ದ ಹಾಗೇ ತೋರ್ಸತ್ತೆ, ಕಂದು ಕಾಂಟ್ರಾಸ್ಟ್ ಜಾಸ್ತಿ ಮಾಡತ್ತೆ. ಕ್ಯಾಟ್ ಐಗೆ ನಂಗೆ ತುಂಬಾ ಇಷ್ಟ ಆಗೋದು ಗ್ರೇಡಿಯಂಟ್, ಮೇಲೆ ಗಾಢ ಕೆಳಗೆ ತಿಳಿ, ಗಮನ ಮೇಲಂಚಿಗೇ ಹೋಗತ್ತೆ, ಮೂಲೆ ಎದ್ದು ಕಾಣತ್ತೆ, ಡ್ರೈವ್ ಮಾಡುವಾಗ ಡ್ಯಾಶ್‌ಬೋರ್ಡೂ ಸರಿಯಾಗಿ ಕಾಣತ್ತೆ. ಪೋಲರೈಸ್ಡ್ ಬೇಕಾ ಅಂದ್ರೆ, ರಸ್ತೆ ಮೇಲೆ, ನೀರಿನ ಮೇಲೆ ಹೊಳೆಯೋ ಬೆಳಕನ್ನ ಅದು ಕತ್ತರಿಸತ್ತೆ, ಜಾಸ್ತಿ ಡ್ರೈವ್ ಮಾಡೋರಿಗೆ ವರದಾನ, ಆದ್ರೆ ಫೋನ್, ಗಾಡಿಯ ಸ್ಕ್ರೀನ್ ಕೆಲವು ಕೋನದಲ್ಲಿ ಕಪ್ಪಾಗಿ ಕಾಣತ್ತೆ. ಪೋಲರೈಸ್ಡ್ ಅಂದ ಮಾತ್ರಕ್ಕೆ ಯುವಿ ತಡೆಯತ್ತೆ ಅಂತಲ್ಲ, ಎರಡನ್ನೂ ಬೇರೆ ಬೇರೆ ಕೇಳಿ. ನಿಜವಾಗ್ಲೂ ಪೋಲರೈಸ್ಡಾ ಅಂತ ನೋಡೋಕೆ ಎಲ್‌ಸಿಡಿ ಕಂಪ್ಯೂಟರ್ ಸ್ಕ್ರೀನ್ ಮುಂದೆ ಹಿಡಿದು ನಿಧಾನಕ್ಕೆ ತಿರುಗ್ಸಿ, ಒಂದು ಕೋನದಲ್ಲಿ ಸ್ಕ್ರೀನ್ ಪೂರ್ತಿ ಕಪ್ಪಾದ್ರೆ ಹೌದು.

ಲೆನ್ಸ್ ಕ್ವಾಲಿಟಿ ನೋಡೋಕೆ ಕನ್ನಡಕವನ್ನ ಕೈ ಚಾಚಿ ಹಿಡಿದು ಅದರೊಳಗಿಂದ ಬಾಗಿಲ ಚೌಕಟ್ಟಿನ ನೇರ ಅಂಚು ನೋಡಿ, ಕನ್ನಡಕವನ್ನ ಮೇಲೆ ಕೆಳಗೆ ಆಡಿಸ್ದಾಗ ಆ ಗೆರೆ ಅಲೆ ಅಲೆಯಾಗಿ ಬಳುಕಿದ್ರೆ ಬಿಟ್ಟುಬಿಡಿ.

ಇನ್ನೊಂದು, ಬೆಳಕು ಬರೀ ಎದುರಿಂದ ಬರಲ್ಲ, ಮೇಲಿಂದ ಪಕ್ಕದಿಂದ ಎಲ್ಲಾ ನುಗ್ಗತ್ತೆ. ಸ್ಲಿಮ್ ಕ್ಯಾಟ್ ಐ ಎಷ್ಟೇ ಒಳ್ಳೆ ಲೆನ್ಸ್ ಇದ್ರೂ ಕೆಲ್ಸ ಮಾಡೋದು ಅದು ಮುಚ್ಚೋ ಜಾಗಕ್ಕೆ ಮಾತ್ರ, ಹಾಗಾಗಿ ಇಡೀ ದಿನ ಹೊರಗಿರೋರು ದೊಡ್ಡದು, ಕಡ್ಡಿ ಅಗಲ ಇರೋದು ತಗೊಳ್ಳಿ.

ಪವರ್ ಇರೋರಿಗೆ

ಕ್ಯಾಟ್ ಐಗೆ ಪವರ್ ಲೆನ್ಸ್ ಹಾಕ್ಸಬಹುದು, ಆದ್ರೆ ಮೂಲೆ ಇಲ್ಲೂ ಆಟ ಆಡತ್ತೆ. ಮೈನಸ್ ಪವರ್ ಲೆನ್ಸ್ ನಡುವೆ ತೆಳು, ಅಂಚಿಗೆ ಹೋದಷ್ಟೂ ದಪ್ಪ, ಕ್ಯಾಟ್ ಐಯಲ್ಲಿ ನಡುವಿಂದ ತುಂಬಾ ದೂರ ಇರೋದೇ ಆ ಹೊರಮೂಲೆ, ಅಲ್ಲೇ ದಪ್ಪ ಬಂದು ಸೇರತ್ತೆ. ಪವರ್ ಜಾಸ್ತಿ ಇರೋರು ಲೆನ್ಸ್ ಅಗಲ ಕಡಿಮೆ ಇರೋದು, ಅಂಚು ದಪ್ಪಗಿರೋ ಅಸಿಟೇಟ್ ಫ್ರೇಮ್ ತಗೊಂಡು ಹೈ ಇಂಡೆಕ್ಸ್ ಲೆನ್ಸ್, ಅಂದ್ರೆ ಅದೇ ಪವರಿಗೆ ತೆಳ್ಳಗೆ ಬರೋ ಲೆನ್ಸ್, ಹಾಕ್ಸಿದ್ರೆ ಲೆನ್ಸಿನ ದಪ್ಪ ಫ್ರೇಮಿನೊಳಗೇ ಮುಚ್ಚಿಹೋಗತ್ತೆ. ತೆಳು ಮೆಟಲ್, ಓವರ್‌ಸೈಜ್, ಜೊತೆಗೆ ಜಾಸ್ತಿ ಮೈನಸ್, ಈ ಮೂರು ಒಟ್ಟಿಗೆ ಬೇಡವೇ ಬೇಡ.

ಬಣ್ಣ, ಸ್ಟೈಲು

ಕಪ್ಪು ಸೇಫ್ ಅಂತ ಎಲ್ರೂ ಕಪ್ಪಿಗೆ ಹೋಗ್ತಾರೆ, ಆದ್ರೆ ಕಪ್ಪಿನಲ್ಲಿ ಮೂಲೆಯ ಗೆರೆ ಅತಿ ಗಟ್ಟಿಯಾಗಿ ಕಾಣೋದು, ಮೊದಲ ಸಲ ಹಾಕ್ಕೊಳ್ಳೋರಿಗೆ ಅದೇ ಮುಜುಗರ. ಆಮೆ ಚಿಪ್ಪಿನ ಥರ ಕಂದು ಹಳದಿ ಮಿಶ್ರ ಇರತ್ತಲ್ಲ, ಟಾರ್ಟಾಯ್ಸ್, ಅದು ಅದೇ ಶೇಪನ್ನ ಎಷ್ಟೋ ಮೆತ್ತಗೆ ಮಾಡತ್ತೆ, ಪಾರದರ್ಶಕ ಜೇನು ಬಣ್ಣ ಇನ್ನೂ ಮೆತ್ತಗೆ. ಆಫೀಸಿಗೆ, ದಿನದ ಓಡಾಟಕ್ಕೆ ಸಾಫ್ಟ್ ಮೂಲೆ, ಇಂಥ ಬಣ್ಣ. ರೆಕ್ಕೆ ಇರೋದು, ಕಲ್ಲು ಕೂರಿಸಿರೋದು, ಬಿಳಿ, ಕೆಂಪು ಇವನ್ನ ಹಾಕ್ಕೊಳ್ಳೋ ದಿನ ದೊಡ್ಡ ಓಲೆ ಬಿಟ್ಟುಬಿಡಿ, ಕಿವಿ ಹತ್ರಾನೇ ಎರಡೂ ಬಂದು ಒಂದಕ್ಕೊಂದು ಜಾಗ ಕೊಡಲ್ಲ. ಕೂದಲು ಎತ್ತಿ ಕಟ್ಟಿದ್ರೆ ಮೂಲೆ ಚೆನ್ನಾಗಿ ಕಾಣತ್ತೆ, ಬಿಟ್ಟ ಕೂದಲು ಕಣತಲೆ ಮೇಲೆ ಬಿದ್ರೆ ಅದು ಮುಚ್ಚಿಹೋಗತ್ತೆ, ಸದಾ ಕೂದಲು ಬಿಡೋರು ಸ್ವಲ್ಪ ಜಾಸ್ತಿ ಎದ್ದಿರೋ ಮೂಲೆಯನ್ನೇ ಧೈರ್ಯವಾಗಿ ತಗೊಳ್ಳಬಹುದು.

ತಂದ ಮೇಲೆ

ಮೊದಲ ದಿನ ಮನೇಲೇ ಒಂದು ಗಂಟೆ ಹಾಕ್ಕೊಂಡಿರಿ, ತೆಗೆದಾಗ ಮೂಗಿನ ಎರಡೂ ಕಡೆ, ಕಿವಿ ಹಿಂದೆ ಕೆಂಪು ಗುರುತು ಎಷ್ಟಾಗಿದೆ ನೋಡಿ, ಆನ್‌ಲೈನ್ ತರ್ಸಿದ್ರೆ ರಿಟರ್ನ್ ದಿನ ಮುಗಿಯೋದ್ರೊಳಗೆ ಇದನ್ನ ಮಾಡಿ, ಟ್ಯಾಗ್ ಕೀಳ್ಬೇಡಿ. ತಲೆ ಮೇಲೆ ಏರಿಸ್ಕೊಳ್ಳೋ ಅಭ್ಯಾಸ ಬಿಡಿ, ತಲೆ ಮುಖಕ್ಕಿಂತ ಅಗಲ, ಕಡ್ಡಿ ಅಗಲಿಸಿ ಸಡಿಲ ಆಗತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಲೇಬೇಡಿ, ಅಸಿಟೇಟ್ ಕಾವಿಗೆ ಸೊಟ್ಟ ಆಗತ್ತೆ, ಲೆನ್ಸಿನ ಕೋಟಿಂಗೂ ಹಾಳು. ಒಣ ಬಟ್ಟೆಯಲ್ಲಿ ಉಜ್ಜಿದ್ರೆ ಧೂಳೇ ಗೀರು ಹಾಕತ್ತೆ, ಮೊದ್ಲು ನಲ್ಲಿ ನೀರಲ್ಲಿ ತೊಳೆದು, ಒಂದು ಹನಿ ಸೌಮ್ಯ ಸೋಪು ಹಾಕಿ, ಮೈಕ್ರೋಫೈಬರ್ ಬಟ್ಟೇಲಿ ಒರೆಸಿ. ಗಟ್ಟಿ ಡಬ್ಬೀಲೇ ಇಡಿ, ಮೂಲೆ ಚಾಚಿರೋ ಫ್ರೇಮಿಗೆ ಮಾಮೂಲಿ ಡಬ್ಬಿ ಎಷ್ಟೋ ಸಲ ಮುಚ್ಚಲ್ಲ, ಒತ್ತಿ ಮುಚ್ಚಿದ್ರೆ ತುದೀಲೇ ಬಿರುಕು ಬಿಡೋದು, ಕೊಳ್ಳುವಾಗ್ಲೇ ಅದ್ರ ಜೊತೆ ಬರೋ ಡಬ್ಬೀಲಿ ಹಾಕಿ ಮುಚ್ಚಿ ನೋಡಿ.